ಬಾಗಿಲ ಮೇಲೆ ಊಟ

ನಮ್ಮ ಊಟದ ಮೇಜು ಹಿಂದಿನ ಜನ್ಮದಲ್ಲಿ ಬಾಗಿಲಾಗಿತ್ತು. ಹಲಸಿನ ಮರದ್ದು. ಯಾರದೋ ತೊಟ್ಟಿಮನೆ ಕೆಡವಿದಾಗ ಸಿಕ್ಕಿದ್ದಂತೆ. ಅದಕ್ಕೆ ಕಪ್ಪು ಕಬ್ಬಿಣದ ಕಾಲು ಜೋಡಿಸಿ, ಮೇಲೆ ಗಾಜು ಹಾಕಿಸಿ, ಸುತ್ತ ಆರು ಬಿಳಿ ಪ್ಲಾಸ್ಟಿಕ್ ಕುರ್ಚಿ ಇಟ್ಟವಳು ನಮ್ಮ ಇಂಟೀರಿಯರ್ ಡಿಸೈನರ್ ಹುಡುಗಿ. "ಅಂಕಲ್, ಎಲ್ಲಾ ಹಳೇದಾದ್ರೆ ಮ್ಯೂಸಿಯಂ, ಎಲ್ಲಾ ಹೊಸದಾದ್ರೆ ಲಾಡ್ಜು. ಎರಡೂ ಬೆರೀಬೇಕು" ಅಂದಳು. ತಲೆಯಾಡಿಸಿದೆ.

ಅಮ್ಮ ಊರಿಂದ ಬಂದವಳು ಮೊದಲ ದಿನ ಆ ಮೇಜಿಗೆ ಕೂರಲೇ ಇಲ್ಲ. ಗಾಜಿನ ಕೆಳಗಿನ ಚಿಲಕವನ್ನೇ ನೋಡುತ್ತಾ ನಿಂತಳು. "ಹೊಸಿಲ ಮೇಲೆ ಕೂರಬೇಡ ಅಂತ ಬೆಳೆಸಿದ್ರೆ, ನೀನು ಬಾಗಿಲ ಮೇಲೇ ಎಲೆ ಹಾಕ್ತೀಯಲ್ಲೋ!"

ಆ ಬಾಗಿಲಿಗೆ ಎಷ್ಟು ಕೊಟ್ಟೆ ಅಂತ ಅವಳಿಗೆ ಹೇಳಿಲ್ಲ. ಹೇಳೋದೂ ಇಲ್ಲ. ಹದಿನೈದು ವರ್ಷದ ಹಿಂದೆ ಊರ ಮನೆ ರಿಪೇರಿ ಮಾಡಿಸುವಾಗ ಇಂಥದ್ದೇ ಎರಡು ಬಾಗಿಲನ್ನು ಒಲೆಗೆ ಸೀಳಿಸಿದವನು ನಾನೇ. ತಾಮ್ರದ ಹಂಡೆ ಗುಜರಿಯವನಿಗೆ ತೂಕಕ್ಕೆ ಹೋಯಿತು. ಈಗ ಅದರ ತಮ್ಮನಂಥ ಒಂದು ಹಂಡೆ ಅಂಗಡಿಯಿಂದ ಬಂದು, ಶೂ ರ‍್ಯಾಕ್ ಪಕ್ಕ ಛತ್ರಿ ಹೊತ್ತು ನಿಂತಿದೆ. ಅಟ್ಟದಲ್ಲಿದ್ದರೆ ಗುಜರಿ, ಅಂಗಡಿಯಲ್ಲಿದ್ದರೆ ಆಂಟಿಕ್!

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಾಳು ಬೀಳುತ್ತಿದ್ದ ಹಳೇ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅಲ್ಲಿ ಬಾಗಿಲು ಬಾಗಿಲಾಗಿಯೇ ಇದೆ, ಅದನ್ನು ದಾಟಿ ಒಳಗೆ ಹೋಗಬಹುದು. ನಮ್ಮದು ಎರಡು ಬೆಡ್‌ರೂಮಿನ ಫ್ಲಾಟು. ಇಲ್ಲಿಗೆ ಬಂದ ಹಳೇ ಸಾಮಾನಿಗೆಲ್ಲ ಬೇರೆ ಕೆಲಸ. ಬಾಲ್ಕನಿಯ ಒರಳುಕಲ್ಲಿನಲ್ಲಿ ಮನಿಪ್ಲಾಂಟ್ ಬೆಳೆಯುತ್ತಿದೆ. ಗುಂಡುಕಲ್ಲು ಎಲ್ಲಿ ಅಂತ ಅಮ್ಮ ಕೇಳಿದಳು. ನಾನು ಅಂಗಡಿಯವನನ್ನು ಕೇಳಿಯೇ ಇರಲಿಲ್ಲ.

ಆದರೂ ಸುಳ್ಳು ಯಾಕೆ, ಮನೆ ಚೆನ್ನಾಗೇ ಕಾಣುತ್ತದೆ. ಸಂಜೆ ಹಳದಿ ದೀಪ ಹಾಕಿದರೆ ಆ ಹಲಸಿನ ಹಲಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ. ಬರೀ ಬಿಳಿ ಗೋಡೆ, ಬರೀ ಗಾಜು ಆಗಿದ್ದರೆ ನಾವೂ ನೆಂಟರ ಹಾಗೆ ಕೂರಬೇಕಿತ್ತು. ಗಾಜಿನ ಸಂದಿಯಿಂದ ಸಾರು ಇಳಿದು ಕೆತ್ತನೆಯೊಳಗೆ ಸೇರಿಕೊಂಡರೆ ಮಾತ್ರ ಟೂತ್‌ಬ್ರಷ್ ಹಿಡಿದು ಉಜ್ಜುವವನು ನಾನು.

ನನ್ನ ಬರೆಯೋ ಮೇಜಿನ ಮೇಲೆ ಹಿತ್ತಾಳೆ ಪಾವು ಇತ್ತು, ಪೆನ್ನು ಹಾಕೋದಕ್ಕೆ. 1956ರಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂದಮೇಲೆ ಅಂಗಡಿಗಳಲ್ಲಿ ಸೇರು, ಪಾವುಗಳ ಕೆಲಸ ಹೋಯಿತಲ್ಲ. ಇದೂ ನಿವೃತ್ತಿಯಾಗಿ ಇಲ್ಲಿ ಕೂತಿದೆ ಅಂದುಕೊಂಡಿದ್ದೆ. ಮೊನ್ನೆ ಡಿಸೈನರ್ ಫೋಟೋ ತೆಗೆಯಲು ಬಂದಳು. ನೋಡಿದರೆ ಪೆನ್ನುಗಳೆಲ್ಲ ಮೇಜಿನ ಮೇಲೆ ಚೆಲ್ಲಾಡಿವೆ.

"ಅಜ್ಜಿ, ಇಲ್ಲೊಂದು ಪಾವು ಇತ್ತಲ್ವಾ?"

"ಫೋಟೋ ಆಮೇಲೆ ತೆಗಿಯಮ್ಮ" ಅಂದಳು ಅಮ್ಮ ಅಡುಗೆಮನೆಯಿಂದ. "ನೀನೂ ಊಟಕ್ಕಿದ್ದೀಯ ತಾನೆ? ಇನ್ನೊಂದು ಪಾವು ಹಾಕ್ತೀನಿ."