ಹಿಂದಿನ ಸೀಟಿನ ಪರೀಕ್ಷಕರು

ಟೆಸ್ಟ್ ಡ್ರೈವ್ ಮೇಳಕ್ಕೆ ಮಕ್ಕಳನ್ನು ಕರ್ಕೊಂಡು ಹೋಗಬೇಡ ಅಂತ ಅನುಭವಸ್ಥರು ಮೊದಲೇ ಹೇಳಿದ್ದರು. ಆದರೆ ಭಾನುವಾರ ಬೆಳಿಗ್ಗೆ ಆರು ವರ್ಷದ ಮಗನನ್ನೂ ಮೂರು ವರ್ಷದ ಮಗಳನ್ನೂ ಎಲ್ಲಿ ಬಿಡೋದು? ಅಜ್ಜಿ ಬೇರೆ ಊರಿಗೆ ಹೋಗಿದ್ದರು. ಇಡೀ ಸಂಸಾರ ಮೈಸೂರಿನ ರಿಂಗ್ ರೋಡ್ ಪಕ್ಕದ ಮೈದಾನದ ಕಡೆ ಹೊರಟಿತು.

ಅಲ್ಲಿ ಶಾಮಿಯಾನ, ಬಲೂನು, ತಣ್ಣನೆಯ ಜ್ಯೂಸು. ಮಕ್ಕಳ ಪಾಲಿಗೆ ಜಾತ್ರೆಯೇ. ಮಗ ಸಿಕ್ಕಿದ ಕಾರಿಗೆಲ್ಲ ಹತ್ತಿ ಹಾರ್ನ್ ಒತ್ತಿದ. ನಾನು ಮೈಲೇಜ್ ವಿಚಾರಿಸುವಷ್ಟರಲ್ಲಿ ಅವನು ಬಾಟಲಿ ಇಡುವ ಜಾಗ ಎಷ್ಟಿವೆ ಅಂತ ಎಣಿಸಿ ಮುಗಿಸಿದ್ದ. ಮಗಳು ಜ್ಯೂಸಿನ ಅಂಗೈಯನ್ನು ಗಾಜಿನ ಮೇಲೆ ಒತ್ತಿ, ತನ್ನ ಗುರುತು ನೋಡಿ ಖುಷಿಪಟ್ಟಳು.

ಸೇಲ್ಸ್ ಹುಡುಗ ಒಳ್ಳೆಯವನು. ‘ಜಿಎಸ್‌ಟಿ ಇಳಿದಿದೆ ಸರ್, 28 ಇದ್ದದ್ದು ಈಗ 18’ ಅಂತ ಶುರು ಮಾಡಿದ. ಅಷ್ಟಾದರೂ 9 ಲಕ್ಷದ ಕಾರು ನಮ್ಮ ರಾಜ್ಯದಲ್ಲಿ ಟ್ಯಾಕ್ಸು, ಇನ್ಶೂರೆನ್ಸು ಸೇರಿ ರಸ್ತೆಗಿಳಿಯುವ ಹೊತ್ತಿಗೆ 11ರ ಹತ್ತಿರ ಬರುತ್ತದೆ. ನಾನು ಮುಖ ಗಂಟು ಹಾಕಿಕೊಂಡು, ‘ಜಾಸ್ತಿ ಆಯ್ತಪ್ಪ, ಬೇರೆ ಕಂಪನಿಯದೂ ನೋಡಬೇಕು’ ಅಂದೆ. ಚೌಕಾಸಿಗೆ ಇದೇ ಪೀಠಿಕೆ, ಅಲ್ವಾ?

‘ಅಪ್ಪಾ, ನಿನ್ನೆ ರಾತ್ರಿ ಅಮ್ಮನ ಹತ್ರ ಇದನ್ನೇ ತಗೊಳ್ಳೋಣ ಅಂದ್ಯಲ್ಲ?’

ಹುಡುಗ ತಲೆ ತಗ್ಗಿಸಿ ಫಾರಂ ತುಂಬಿಸತೊಡಗಿದ. ನನ್ನ ಹೆಂಡತಿ ಬಲೂನು ನೋಡುತ್ತ ನಿಂತಳು.

ಆಮೇಲೆ ಸುರಕ್ಷತೆಯ ಮಾತು ಬಂತು. ಏರ್‌ಬ್ಯಾಗ್ ಆರು, ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡಿ ಕೊಡುವ ಭಾರತ್ ಎನ್‌ಕ್ಯಾಪ್ ಸ್ಟಾರುಗಳು, ಮಕ್ಕಳ ಸೀಟಿಗೆ ಐಸೋಫಿಕ್ಸ್ ಕೊಂಡಿ. ಕೊಂಡಿ ಇತ್ತು, ಸೀಟು ಇರಲಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಬೆಲ್ಟ್ ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕೂರಿಸಿದರೆ 1000 ರೂಪಾಯಿ ದಂಡ ಅಂತ 2019ರಲ್ಲೇ ಕಾನೂನಾಗಿದೆ. ದಂಡದ ಮಾತು ಬಿಡಿ, ಹೊಸ ಗಾಡಿ, ಗೊತ್ತಿಲ್ಲದ ಬ್ರೇಕು; ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಮನಸ್ಸಾಗಲಿಲ್ಲ. ನಮ್ಮ ಹಳೇ ಕಾರಿನಿಂದ ಅವಳ ಸೀಟನ್ನೇ ಕಿತ್ತು ತರಲು ಹೋದೆ. ಎತ್ತಿದರೆ ಅದರಡಿ ಒಂದು ಪ್ರಪಂಚ: ಬಿಸ್ಕತ್ತಿನ ಪುಡಿ, ಕಲ್ಲಾದ ಒಣದ್ರಾಕ್ಷಿ, ಹೋದ ವರ್ಷ ಇಡೀ ಮನೆ ಹುಡುಕಿಸಿದ ಒಂಟಿ ಕಾಲುಚೀಲ, ಎರಡು ರೂಪಾಯಿ ನಾಣ್ಯ. ನಾಣ್ಯ ಮಗನ ಪಾಲಾಯಿತು. ಹುಡುಗ ನೋಡಿಯೂ ನೋಡದ ಹಾಗೆ ಸೀಟಿನ ಇನ್ನೊಂದು ತುದಿ ಹಿಡಿದ. ಹೊಸ ಕಾರಿಗೆ ಕೂರಿಸಿ ‘ಕ್ಲಿಕ್’ ಅನ್ನಿಸಲು ಇಬ್ಬರೂ ಬೆವತೆವು.

ಅಂತೂ ರಿಂಗ್ ರೋಡಿಗೆ ಇಳಿದೆವು. ಪಿಕಪ್ ಹೇಗಿದೆ, ಕ್ಲಚ್ ಹೇಗಿದೆ ಅಂತ ಯಾರಾದರೂ ಕೇಳಿದರೆ ನನಗೆ ಈಗಲೂ ಗೊತ್ತಿಲ್ಲ. ‘ಕಿಟಕಿ ಮುಟ್ಟಬೇಡ’, ‘ಕಾಲು ಒದೀಬೇಡ’ ಅನ್ನುವುದರಲ್ಲೇ ಮೊದಲ ಎರಡು ಕಿಲೋಮೀಟರ್ ಹೋಯಿತು. ಹುಡುಗ ಉತ್ಸಾಹದಿಂದ ‘ಸರ್, ಸನ್‌ರೂಫ್...’ ಅಂತ ಶುರುಮಾಡಿದವನು ಹಿಂದೆ ತಿರುಗಿ ತಟ್ಟನೆ ದನಿ ತಗ್ಗಿಸಿದ. ಮಗಳು ನಿದ್ದೆ ಹೋಗಿದ್ದಳು. ಬಾಯಿ ತೆರೆದು, ಒಂದು ಶೂ ಕಳಚಿ.

ಅಲ್ಲಿಂದ ಎಲ್ಲವೂ ಪಿಸುಮಾತು. ‘ಮೇಡಂ, ಎಸಿ ಕಮ್ಮಿ ಮಾಡಲಾ?’ ಹಂಪ್ ಬಂದಾಗ ನಾಲ್ವರೂ ಉಸಿರು ಬಿಗಿಹಿಡಿದೆವು. ಅವಳು ಕದಲಲಿಲ್ಲ. ತಿರುಗಬೇಕಾದ ಕಡೆ ಹುಡುಗನೇ ಕೈಸನ್ನೆಯಲ್ಲಿ ಮುಂದೆ ಹೋಗಿ ಅಂದ.

‘ನೋಡಿ ಸರ್,’ ಕಿವಿಯ ಹತ್ತಿರ ಬಾಗಿ ಹೆಮ್ಮೆಯಿಂದ ಉಸುರಿದ, ‘ಸಸ್ಪೆನ್ಷನ್ ಅಂದ್ರೆ ಇದು!’

ಮಗನೂ ಅಷ್ಟೇ ಮೆಲ್ಲಗೆ ಮುಂದೆ ಬಾಗಿದ.

‘ಅಂಕಲ್, ನಮ್ಮ ಹಳೇ ಕಾರಲ್ಲೂ ಇವಳು ಹೀಗೇ ಮಲಗ್ತಾಳೆ.’