ಗೆದ್ದು ಬಂದವಳಿಗೆ ಭಯವಿರಬಾರದೇ?

ಸ್ತನ ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಮನೆಗೆ ಬಂದವಳಿಗೆ ಎಲ್ಲರೂ ಹೇಳುವುದು ಎರಡೇ ಮಾತು: “ಗೆದ್ದುಬಿಟ್ಟೆಯಲ್ಲ”, “ಇನ್ನು ಅದನ್ನೆಲ್ಲ ಮರೆತುಬಿಡು”. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಅಳುವುದಕ್ಕೂ ಸಂಕೋಚವಾಗುತ್ತದೆ.

ಕೀಮೋ, ಆಪರೇಷನ್, ರೇಡಿಯೇಷನ್ ನಡೆಯುವಾಗ ಹೆದರಲೂ ಪುರುಸೊತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸು, ಬಿಳಿ ರಕ್ತಕಣ ಏರಿತೇ ನೋಡು, ಮತ್ತೆ ಓಡು. ಎಲ್ಲ ಮುಗಿದು “ಮೂರು ತಿಂಗಳು ಬಿಟ್ಟು ಬನ್ನಿ” ಎಂದ ದಿನ ಮನೆಯವರು ಪೇಡ ಹಂಚಿದರು. ನನಗೋ ನಡುನೀರಿನಲ್ಲಿ ಕೈಬಿಟ್ಟಂತಾಯಿತು. ಅದು ಮತ್ತೆ ಬಂದರೆ ಕಂಡುಹಿಡಿಯುವವರು ಯಾರು?

ದೇಹವೂ ಮರೆಯಲು ಬಿಡುವುದಿಲ್ಲ. ಕೀಮೋದಲ್ಲಿ ಕೊಡುವ ಪ್ಯಾಕ್ಲಿಟ್ಯಾಕ್ಸೆಲ್ ಔಷಧ ನರಗಳನ್ನು ಘಾಸಿಗೊಳಿಸುತ್ತದೆ. ನನ್ನ ಬೆರಳ ತುದಿಗೆ ಇನ್ನೂ ಜೋಮು. ಮಲ್ಲಿಗೆ ಕಟ್ಟಲು ಕುಳಿತರೆ ದಾರ ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಎಂದು ಕಣ್ಣಿನಿಂದಲೇ ನೋಡಿಕೊಳ್ಳಬೇಕು, ಅಷ್ಟರಲ್ಲಿ ಮೊಗ್ಗು ಜಾರಿರುತ್ತದೆ. ಕಂಕುಳಿನ ಗ್ರಂಥಿ ತೆಗೆದ ಕಡೆಯ ಕೈ ಸಂಜೆಗೆ ಊದಿಕೊಂಡು ಬಳೆ ಏರುವುದಿಲ್ಲ. ಜೊತೆಗೆ ಕ್ಯಾನ್ಸರ್ ಮರುಕಳಿಸದಿರಲೆಂದು ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ: ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10. ಅದನ್ನು ದಿನಾ ನುಂಗುತ್ತಾ, ರಾತ್ರಿ ಮೈ ಬಿಸಿಯೇರಿ ಬೆವರುತ್ತಾ ಮರೆಯುವುದು ಹೇಗೆಂದು ಯಾರಾದರೂ ಹೇಳಿಕೊಡಲಿ.

ಸ್ವತಃ ಕ್ಯಾನ್ಸರ್ ಅನುಭವಿಸಿದ ಅಮೆರಿಕದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ 1985ರಲ್ಲೇ ಬರೆದಿದ್ದರು: ಚಿಕಿತ್ಸೆಯ ನಂತರದ್ದು ಬೇರೆಯೇ ಘಟ್ಟ, ಅಲ್ಲಿ ಕಾಡುವುದು ರೋಗ ಮರುಕಳಿಸುವ ಭಯ. ಅದಾಗಿ ಇಷ್ಟು ವರ್ಷಗಳ ಮೇಲೂ ನನ್ನ ಡಿಸ್‌ಚಾರ್ಜ್ ಪತ್ರದಲ್ಲಿ ಮಾತ್ರೆ, ಮ್ಯಾಮೊಗ್ರಾಂ (ಸ್ತನದ ಎಕ್ಸ್‌-ರೇ) ಎಲ್ಲ ಇತ್ತು, ಮನಸ್ಸಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಮರುಪರೀಕ್ಷೆಯಷ್ಟೇ ಕಡ್ಡಾಯವಾಗಿ ಆಪ್ತ ಸಮಾಲೋಚನೆಯನ್ನೂ ಬರೆದುಕೊಡಬೇಕೆಂಬುದು ನನ್ನ ವಾದ.

ಕೇಳಿ ಕೇಳಿ ಕೊನೆಗೆ ಸಿಕ್ಕ ಸಮಾಲೋಚಕಿ “ಧೈರ್ಯವಾಗಿರಿ” ಎನ್ನಲಿಲ್ಲ, ಪುಣ್ಯ. ಹೊಸ ನೋವು ಎರಡು ವಾರ ಬಿಡದೆ ಇದ್ದರೆ ತೋರಿಸಿ, ಗಂಟು ಕಂಡರೆ ಅಂದೇ ಬನ್ನಿ ಎಂದರು. ಸೊಂಟ ಹಿಡಿದಾಗಲೆಲ್ಲ ಮೂಳೆಗೆ ಹರಡಿತೆಂದು ನಡುಗುತ್ತಿದ್ದವಳಿಗೆ ಹಿಡಿದುಕೊಳ್ಳಲು ಒಂದು ಲೆಕ್ಕ ಸಿಕ್ಕಿತು. ಭಯ ಹೋಗಿಲ್ಲ, ಆದರೆ ನಿದ್ದೆ ಬರುತ್ತಿದೆ. ಅಂಥವರು ಹತ್ತಿರ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಮನೆಯಲ್ಲಿ ನನ್ನ ಓರಗಿತ್ತಿ ಮಾತ್ರ “ಸ್ಕ್ಯಾನ್ ಯಾವತ್ತು ಅಕ್ಕಾ? ನಾನೂ ಬರುತ್ತೇನೆ” ಎನ್ನುತ್ತಾಳೆ. ವರದಿ ಬರುವವರೆಗೂ ಪಕ್ಕದಲ್ಲಿ ಕುಳಿತು ಊರ ಸುದ್ದಿಯೆಲ್ಲ ಹೇಳುತ್ತಾಳೆ, ಉಪದೇಶವೊಂದನ್ನು ಬಿಟ್ಟು.

ಅಂದ ಹಾಗೆ, ಮಹಿಳಾ ದಿನಾಚರಣೆಗೆ ಶಾಲು ಹೊದಿಸಿ “ಧೀರೆ” ಎಂದು ವೇದಿಕೆ ಹತ್ತಿಸಲು ಕೇಳಿದ ಸಂಘದವರೇ, ಈ ಸಲ ನನ್ನನ್ನು ಬಿಟ್ಟುಬಿಡಿ. ಆ ವಾರ ನನಗೆ ಮ್ಯಾಮೊಗ್ರಾಂ ಇದೆ.