ಆ ಮಳೆ, ಆ ನೀರು, ಆ ಓವನ್: ಉತ್ತರ ಇಂಗ್ಲೆಂಡಿನ ಅಡುಗೆ ಪರಊರಲ್ಲಿ ಯಾಕೆ ಕೈಕೊಡುತ್ತದೆ

ಲ್ಯಾಂಕಾಷೈರ್, ಯಾರ್ಕ್‌ಷೈರ್, ಡರಮ್ ಕಡೆಯವರು ಊರು ಬಿಟ್ಟು ಸ್ಪೇನಿನ ಕಡಲತೀರದಲ್ಲೋ ಆಸ್ಟ್ರೇಲಿಯಾದ ಪರ್ತ್‌ನಲ್ಲೋ ನೆಲೆಸಿದ ಮೇಲೆ ಹೆಚ್ಚು ಹಂಬಲಿಸುವುದು ಎರಡಕ್ಕೆ. ಒಂದು, ಅಲ್ಲಿದ್ದಾಗ ದಿನವೂ ಬೈದುಕೊಳ್ಳುತ್ತಿದ್ದ ಆ ಮಳೆ. ಇನ್ನೊಂದು, ಮನೆಯ ಊಟ. ಮ್ಯಾಂಚೆಸ್ಟರ್, ಲೀಡ್ಸ್ ಕಡೆ ಓದಿ, ದುಡಿದು ಬಂದ ಎಷ್ಟೋ ಕನ್ನಡಿಗರಿಗೂ ಈ ಹಂಬಲ ಉಂಟು. ಹೊಸ ಊರಿನ ಅಡುಗೆಮನೆಯಲ್ಲಿ ಅದೇ ತಿನಿಸು ಮಾಡಿದರೆ ಏನೋ ತಪ್ಪುತ್ತದೆ. ಆಗ ಎಲ್ಲರೂ ರೆಸಿಪಿಯನ್ನು ದೂರುತ್ತಾರೆ. ನಾನು ಒಪ್ಪುವುದಿಲ್ಲ. ಅಲ್ಲಿನ ಮಳೆ ಬೇರೆ, ಅಡುಗೆ ಬೇರೆ ಅಲ್ಲ. ಆ ಅಡುಗೆಯ ಅರ್ಧ ಗುಟ್ಟು ಅಲ್ಲಿನ ನೀರಿನಲ್ಲಿ, ಚಳಿಯಲ್ಲಿ, ಗಂಟೆಗಟ್ಟಲೆ ಉರಿಯುವ ಓವನ್‌ನಲ್ಲಿದೆ. ಇದನ್ನು ತಿಳಿದುಕೊಂಡರೆ ಬೇರೆ ಊರಿನಲ್ಲೂ ಬಹುಪಾಲು ಸರಿಮಾಡಿಕೊಳ್ಳಬಹುದು.

ಮೊದಲು ಮಳೆಯ ವಿಷಯ. ಇಂಗ್ಲೆಂಡಿನ ಉತ್ತರಭಾಗದ ನಟ್ಟನಡುವೆ ಉದ್ದಕ್ಕೂ ಪೆನೈನ್ ಬೆಟ್ಟಸಾಲು ಮಲಗಿದೆ. ಅಟ್ಲಾಂಟಿಕ್ ಕಡೆಯಿಂದ ಬರುವ ಒದ್ದೆ ಗಾಳಿ ಪಶ್ಚಿಮದ ಬೆಟ್ಟಗಳಿಗೆ ಬಡಿದು ಅಲ್ಲೇ ಸುರಿಯುತ್ತದೆ. ಆಗುಂಬೆಯಲ್ಲಿ ಸುರಿದ ಮೋಡ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಬರಿದಾಗುವುದನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಶ್ಚಿಮದ ಬೆಟ್ಟ-ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನ ಸೀತ್ವೇಟ್ ಎಂಬ ಹಳ್ಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಪೂರ್ವದ ನ್ಯೂಕ್ಯಾಸಲ್‌ನಲ್ಲಿ ಅದರ ಕಾಲುಭಾಗವೂ ಇಲ್ಲ. ಆದರೆ ನಮ್ಮಂತೆ ನಾಲ್ಕು ತಿಂಗಳು ಸುರಿದು ನಿಲ್ಲುವ ಮಳೆ ಅಲ್ಲ ಅದು. ವರ್ಷವಿಡೀ ಜಿಟಿಜಿಟಿ. ಪೂರ್ವ ಕರಾವಳಿಯಲ್ಲಿ ಮಳೆ ಕಡಿಮೆಯಾದರೇನು, ವಸಂತದಲ್ಲಿ ಸಮುದ್ರದಿಂದ ತಣ್ಣನೆ ಮಂಜು ಎದ್ದು ಬಂದು ಹಗಲೆಲ್ಲ ಊರನ್ನು ಮುಚ್ಚಿಬಿಡುತ್ತದೆ. ಡಿಸೆಂಬರಿನಲ್ಲಿ ಹಗಲು ಏಳು ಗಂಟೆಗಿಂತ ತುಸು ಹೆಚ್ಚು, ಅಷ್ಟೇ. ಬಟ್ಟೆ ಹೊರಗೆ ಒಣಗುವುದಿಲ್ಲ. ಹಳೆಯ ಮನೆಗಳಲ್ಲಿ ಅಡುಗೆಮನೆಯ ಮಾಡಿಗೆ ರಾಟೆ ಕಟ್ಟಿ, ಮರದ ಗಳುಗಳನ್ನು ಹಗ್ಗದಲ್ಲಿ ಮೇಲೇರಿಸಿ ಒಣಗಿಸುತ್ತಿದ್ದರು. ಅಂಥ ಮನೆಯಲ್ಲಿ ಮೂರು ಗಂಟೆ ಓವನ್ ಉರಿದರೆ ಅಡುಗೆಯೂ ಆಯಿತು, ಮನೆಯೂ ಬೆಚ್ಚಗಾಯಿತು, ಬಟ್ಟೆಯೂ ಒಣಗಿತು. ಏಪ್ರಿಲ್ ಬಿಸಿಲಿನಲ್ಲಿ ಬೆಂಗಳೂರಿನಲ್ಲಿ ಕೂತು ಹಾಟ್‌ಪಾಟ್, ಅಂದರೆ ಓವನ್‌ನಲ್ಲಿ ನಿಧಾನ ಬೇಯುವ ಕುರಿಮಾಂಸ-ಆಲೂಗಡ್ಡೆಯ ಅಡುಗೆ, ಮಾಡಿ ‘ಅಲ್ಲಿಯ ಹಾಗಿಲ್ಲ’ ಎಂದರೆ ತಪ್ಪು ಹಾಟ್‌ಪಾಟಿನದ್ದಲ್ಲ.

ಇನ್ನು ನೀರು. ಇದನ್ನು ಯಾರೂ ಗಮನಿಸುವುದಿಲ್ಲ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಪೆನೈನ್ ಮತ್ತು ಲೇಕ್ ಡಿಸ್ಟ್ರಿಕ್ಟ್‌ನ ಜಲಾಶಯಗಳಿಗೆ ನೀರು ಹರಿದು ಬರುವುದು ಸುಣ್ಣದ ಅಂಶ ತೀರಾ ಕಡಿಮೆ ಇರುವ ಬಂಡೆಗಳ ಮೇಲಿಂದ. ಹಾಗಾಗಿ ಅದು ಮೆದು ನೀರು. ಥರ್ಲ್‌ಮಿಯರ್ ಜಲಾಶಯದಿಂದ ಮ್ಯಾಂಚೆಸ್ಟರಿಗೆ 96 ಮೈಲಿ ದೂರ, ಪಂಪ್ ಇಲ್ಲದೆ ಬರೀ ಇಳಿಜಾರಿನ ಮೇಲೆ ನೀರು ಹರಿಯತೊಡಗಿದ್ದು 1894ರಲ್ಲಿ. ಅಂಥ ನೀರಿನಲ್ಲಿ ಚಹಾ ಕೆಂಪಗೆ, ತಿಳಿಯಾಗಿ ಇಳಿಯುತ್ತದೆ. ಗಡಸು ನೀರಿನಲ್ಲಿ ಅದೇ ಚಹಾಪುಡಿ ಮಂಕಾಗುತ್ತದೆ, ಮೇಲೆ ಕಂದು ಕೆನೆ ಕಟ್ಟುತ್ತದೆ, ಬಟ್ಟಲಿನ ಅಂಚಿಗೆ ಕಲೆ ಹಿಡಿಯುತ್ತದೆ. ಅಲ್ಲಿಂದ ತಂದ ದುಬಾರಿ ಪೊಟ್ಟಣವನ್ನು ಬೋರ್‌ವೆಲ್ ನೀರಿಗೆ ಹಾಕಿ ‘ಪುಡಿ ಹಳೆಯದಾಗಿದೆ’ ಎನ್ನಬೇಡಿ. ಫಿಲ್ಟರ್ ನೀರನ್ನು ಕುದಿಸಿ, ಕುದಿಯುತ್ತಿರುವಾಗಲೇ ಪುಡಿಯ ಮೇಲೆ ಸುರಿದು, ನಾಲ್ಕೈದು ನಿಮಿಷ ಮುಚ್ಚಿಡಿ. ನಮ್ಮಂತೆ ಒಲೆಯ ಮೇಲೆ ಹಾಲು ಸೇರಿಸಿ ಕುದಿಸಬಾರದು. ಅದು ಬೇರೆಯೇ ಪಾನೀಯ.

ಮೀನು, ಚಿಪ್ಸ್, ಪೈ ಜೊತೆಗೆ ಬಡಿಸುವ ಮಷಿ ಪೀಸ್, ಅಂದರೆ ಬೆಂದು ಒಡೆದ ಬಟಾಣಿಯ ಗಟ್ಟಿ ಪಲ್ಯದ ಕತೆಯೂ ಇದೇ. ಗಡಸು ನೀರಿನಲ್ಲಿ ತೊಗರಿಬೇಳೆ ಬೇಯದೆ ಕೂರುವುದನ್ನು ಕಂಡವರಿಗೆ ಕಾರಣ ಗೊತ್ತು: ನೀರಿನ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನೂ ತಿರುಳನ್ನೂ ಬಿಗಿಮಾಡುತ್ತದೆ. ದೊಡ್ಡ ಗಾತ್ರದ ಒಣ ಹಸಿರು ಬಟಾಣಿ 250 ಗ್ರಾಂ, ಅಡುಗೆ ಸೋಡಾ ಎರಡು ಟೀ ಚಮಚ. ಕಾಳು ಮುಳುಗಿ ಮೇಲೆ ನಾಲ್ಕು ಬೆರಳು ನಿಲ್ಲುವಷ್ಟು ಕುದಿನೀರು ಹಾಕಿ ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಆ ನೀರು ಚೆಲ್ಲಿ, ಎರಡು ಮೂರು ಸಲ ತೊಳೆಯಿರಿ. ತೊಳೆಯುವುದರಲ್ಲಿ ಸೋಮಾರಿತನ ಮಾಡಿದರೆ ಸೋಪಿನ ರುಚಿ ಖಂಡಿತ. ಹೊಸ ನೀರಿನಲ್ಲಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿದರೆ ತಾನಾಗಿಯೇ ಒಡೆದು ಗಟ್ಟಿಯಾಗುತ್ತದೆ. ಮಿಕ್ಸಿ ಬೇಡವೇ ಬೇಡ. ಕುಕ್ಕರ್‌ನಲ್ಲಿ ಇಟ್ಟರೆ ಸಿಪ್ಪೆ ಮೇಲೆದ್ದು ವೆಂಟ್‌ಗೆ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಉಪ್ಪು, ಚೂರು ಬೆಣ್ಣೆ. ಬಡಿಸುವಾಗ ವಿನೆಗರ್‌ನಲ್ಲಿ ನೆನೆಸಿದ ಪುದೀನ.

ಯಾರ್ಕ್‌ಷೈರ್ ಪುಡಿಂಗ್ ಸಿಹಿ ಎಂದುಕೊಂಡವರು ಇನ್ನೂ ಇದ್ದಾರೆ. ಅದು ಉಬ್ಬಿದ, ಗರಿಗರಿ, ಒಳಗೆ ಟೊಳ್ಳು ಇರುವ ಉಪ್ಪಿನ ತಿನಿಸು. ಹಿಂದೆ ಮಾಂಸಕ್ಕೆ ಮೊದಲು ಗ್ರೇವಿ ಹಾಕಿ ಇದನ್ನೇ ಬಡಿಸುತ್ತಿದ್ದರು. ಹೊಟ್ಟೆ ಅರ್ಧ ತುಂಬಿದರೆ ದುಬಾರಿ ಮಾಂಸ ಎಲ್ಲರಿಗೂ ಸಾಕಾಗುತ್ತಿತ್ತು. ಅಳತೆಗೆ ತಕ್ಕಡಿ ಬೇಕಿಲ್ಲ. ನಾಲ್ಕು ಮೊಟ್ಟೆ ಲೋಟಕ್ಕೆ ಒಡೆದು ಹಾಕಿ ಎಲ್ಲಿಗೆ ಬಂತೆಂದು ನೋಡಿ. ಅಷ್ಟೇ ಮಟ್ಟಕ್ಕೆ ಮೈದಾ, ಅಷ್ಟೇ ಮಟ್ಟಕ್ಕೆ ಹಾಲು, ಚಿಟಿಕೆ ಉಪ್ಪು. ಗಂಟಿಲ್ಲದಂತೆ ಕಲಸಿ ಅರ್ಧ ಗಂಟೆಯಾದರೂ ಬಿಡಿ. ಬೇಕಿಂಗ್ ಪೌಡರ್ ಹಾಕಿದಿರೋ, ಒಳಗೆ ಟೊಳ್ಳಾಗುವ ಬದಲು ಕೇಕಿನಂತೆ ಸ್ಪಂಜು ಕೂರುತ್ತದೆ. ಇದನ್ನು ಎಬ್ಬಿಸುವುದು ಹಬೆ ಮಾತ್ರ, ಹಬೆಗೆ ಬೇಕಾದ್ದು ಒಮ್ಮೆಲೇ ತಗಲುವ ಬಿಸಿ. ಆದ್ದರಿಂದ ಗುಳಿಗಳಿರುವ ಲೋಹದ ತಟ್ಟೆಯೇ ಬೇಕು, ಸಿಲಿಕೋನ್ ಆಗದು. ಪ್ರತಿ ಗುಳಿಗೆ ಒಂದು ಟೀ ಚಮಚ ಕೊಬ್ಬು ಹಾಕಿ 220 ಡಿಗ್ರಿಯಲ್ಲಿ ಹತ್ತು ನಿಮಿಷ, ಹೊಗೆಯಾಡುವವರೆಗೆ ಕಾಯಿಸಿ, ಹಿಟ್ಟು ಹೊಯ್ದ ಕೂಡಲೇ ಚುಂಯ್ ಎನ್ನಬೇಕು. ಎನ್ನಲಿಲ್ಲವೆಂದರೆ ಅಲ್ಲಿಗೇ ಕೆಟ್ಟಿತು. 20ರಿಂದ 25 ನಿಮಿಷ, ನಡುವೆ ಬಾಗಿಲು ತೆಗೆಯಕೂಡದು. ನಮ್ಮ ಸಣ್ಣ ಓಟಿಜಿಗಳಲ್ಲಿ ಒಮ್ಮೆ ಬಾಗಿಲು ತೆಗೆದರೆ ಬಿಸಿಯೆಲ್ಲ ಹೊರಗೆ, ಪುಡಿಂಗ್ ಕುಸಿದು ಚರ್ಮದಂತಾಗುತ್ತದೆ. ಅಲ್ಲಿ ಬಳಸುವುದು ದನದ ಕೊಬ್ಬು. ಸಿಗದಿದ್ದರೆ ಅಥವಾ ತಿನ್ನದಿದ್ದರೆ ತುಪ್ಪ ಬಳಸಿ. ಆ ಶಾಖವನ್ನು ತಡೆದುಕೊಳ್ಳುತ್ತದೆ. ಪರಿಮಳ ಬೇರೆ, ಉಬ್ಬುವುದರಲ್ಲಿ ಕೊರತೆಯಿಲ್ಲ. ಬೆಣ್ಣೆ ಮಾತ್ರ ಬೇಡ, ಸುಟ್ಟು ಕಪ್ಪಾಗುತ್ತದೆ.

ಲ್ಯಾಂಕಾಷೈರ್ ಹಾಟ್‌ಪಾಟ್ ಇದಕ್ಕೆ ಪೂರ್ತಿ ವಿರುದ್ಧ, ಆತುರವೇ ಅದಕ್ಕೆ ಶತ್ರು. ಕುರಿಯ ಕತ್ತಿನ ಭಾಗ ಮೂಳೆ ಸಮೇತ ಒಂದು ಕಿಲೋ, ಈರುಳ್ಳಿ ನಾಲ್ಕು, ಆಲೂಗಡ್ಡೆ ಒಂದು ಕಿಲೋ, ಸ್ಟಾಕ್ ಅರ್ಧ ಲೀಟರ್, ಉಪ್ಪು, ಮೆಣಸಿನ ಪುಡಿ, ಅಂದರೆ ಕಾಳುಮೆಣಸು. ಮಾಂಸ, ಈರುಳ್ಳಿ, ಸ್ಟಾಕ್ ಕೆಳಗೆ. ಮೇಲ್ಪದರಕ್ಕೆ ಆಲೂಗಡ್ಡೆಯನ್ನು ಬಿಲ್ಲೆಗಳಾಗಿ ಹೆಚ್ಚಿ ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಜೋಡಿಸಿ, ಮುಚ್ಚಿ, 160 ಡಿಗ್ರಿಯಲ್ಲಿ ಎರಡು ಗಂಟೆ. ಆಮೇಲೆ ಮುಚ್ಚಳ ತೆಗೆದು ಬೆಣ್ಣೆ ಸವರಿ 200ರಲ್ಲಿ ಅರ್ಧ ಗಂಟೆ. ಇಲ್ಲಿ ‘ಮಟನ್’ ಎಂದು ಸಿಗುವುದು ಹಲವೆಡೆ ಆಡು. ಕೊಬ್ಬು ಕಡಿಮೆ, ನಾರು ಬಿಗಿ. ಅದಕ್ಕೆ ಇನ್ನೊಂದು ಗಂಟೆ ಕೊಡಿ. ಹೊಸ ಬೆಳೆಯ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಅದು ರಸ ಹೀರುವುದಿಲ್ಲ. ಹಿಟ್ಟುಹಿಟ್ಟಾಗಿ ಬೇಯುವ ಹಳೆಯದನ್ನೇ ಆರಿಸಿ. ಸ್ಟಾಕ್ ಮೇಲಿನ ಪದರವನ್ನು ಮುಟ್ಟಬಾರದು, ಮುಟ್ಟಿದರೆ ಕೆಂಪಾಗುವ ಬದಲು ಮೆತ್ತಗೆ ಬೇಯುತ್ತದೆ. ಪಕ್ಕಕ್ಕೆ ವಿನೆಗರ್‌ನಲ್ಲಿ ಹಾಕಿದ ಕೆಂಪು ಎಲೆಕೋಸಿನ ಉಪ್ಪಿನಕಾಯಿ ಇರಲೇಬೇಕು. ಆ ಹುಳಿ ಇಲ್ಲದೆ ತಿಂದು ‘ಸಪ್ಪೆ’ ಎನ್ನುವವರ ಮಾತನ್ನು ನಾನು ಲೆಕ್ಕಕ್ಕೆ ಇಡುವುದಿಲ್ಲ.

ಕೆಲವನ್ನು ಮಾತ್ರ ಹೊರಗೆ ಮಾಡಲಾಗದು. ಯಾರ್ಕ್‌ಷೈರಿನ ವೇಕ್‌ಫೀಲ್ಡ್ ಸುತ್ತಲಿನ ರೂಬಾರ್ಬ್ ಎಂಬ ಹುಳಿ ದಂಟಿನ ಗಿಡದ ಬೇರುಗಳು ಎರಡು ವರ್ಷ ಹೊಲದಲ್ಲಿದ್ದು, ಹಿಮದ ಚಳಿ ತಿಂದು, ಆಮೇಲೆ ಕತ್ತಲೆಯ ಬೆಚ್ಚನೆ ಶೆಡ್ಡಿನಲ್ಲಿ ಚಿಗುರುತ್ತವೆ. ಕೊಯ್ಯುವುದೂ ಮೋಂಬತ್ತಿ ಬೆಳಕಿನಲ್ಲಿ. ಚಳಿ ತಗಲದ ಬೇರು ಆ ನವಿರು ಗುಲಾಬಿ ದಂಟು ಕೊಡುವುದಿಲ್ಲ. ಸ್ಪೇನಿನ ಬಿಸಿಲಿನಲ್ಲಿ ಇದಕ್ಕೆ ಹೆಣಗುವುದು ವ್ಯರ್ಥ.

ಪಾರ್ಕಿನ್ ಎಂಬ ಶುಂಠಿ ಕೇಕ್ ಹಾಗಲ್ಲ, ಅದನ್ನು ಎಲ್ಲಿಯೂ ಮಾಡಬಹುದು. ಚಳಿ, ತೇವದ ಬೆಟ್ಟಗಳಲ್ಲಿ ಗೋಧಿ ಸರಿಯಾಗಿ ಮಾಗದು, ಓಟ್ಸ್ ಮಾಗುತ್ತದೆ. ಅದಕ್ಕೇ ಅಲ್ಲಿನ ಹಳೆಯ ರೊಟ್ಟಿಯೂ ಓಟ್ಸ್, ನವೆಂಬರ್ 5ರ ಬೆಂಕಿಹಬ್ಬದ ಈ ಶುಂಠಿ ಕೇಕೂ ಓಟ್ಸ್. ಬೆಣ್ಣೆ, ಕಪ್ಪು ಟ್ರೀಕಲ್ (ಕಾಕಂಬಿಯಂಥ ಕಹಿಮಿಶ್ರಿತ ಪಾಕ), ಗೋಲ್ಡನ್ ಸಿರಪ್ (ಹೊಂಬಣ್ಣದ ಸಕ್ಕರೆ ಪಾಕ), ಕಂದು ಸಕ್ಕರೆ ತಲಾ 100 ಗ್ರಾಂ ಕರಗಿಸಿ. ಓಟ್ಸ್ ತರಿ 150, ಮೈದಾ 150, ಒಣಶುಂಠಿ ಪುಡಿ ಮೂರು ಟೀ ಚಮಚ, ಅಡುಗೆ ಸೋಡಾ ಒಂದು ಟೀ ಚಮಚ, ಮೊಟ್ಟೆ ಒಂದು, ಹಾಲು ಅರ್ಧ ಲೋಟ. 160 ಡಿಗ್ರಿಯಲ್ಲಿ ಸುಮಾರು 50 ನಿಮಿಷ. ಅವಲಕ್ಕಿಯಂಥ ಓಟ್ಸ್ ಮಾತ್ರ ಸಿಕ್ಕರೆ ಮಿಕ್ಸಿಯಲ್ಲಿ ಒಂದೆರಡು ಸುತ್ತು ತರಿ ಮಾಡಿ, ನುಣ್ಣಗೆ ಬೇಡ. ಟ್ರೀಕಲ್ ಬದಲು ಮಲೆನಾಡಿನ ಜೋನಿ ಬೆಲ್ಲ ಚೆನ್ನಾಗಿ ಹೊಂದುತ್ತದೆ. ಆ ಕಹಿ ಬರುವುದಿಲ್ಲವಾದ್ದರಿಂದ ಸಕ್ಕರೆ ಕಾಲುಭಾಗ ತಗ್ಗಿಸಿ, ಶುಂಠಿ ಸ್ವಲ್ಪ ಏರಿಸಿ. ಬೇಗ ಬಾಗಿಲು ತೆಗೆದರೆ ನಡುವೆ ಕುಸಿಯುತ್ತದೆ. ಬೆಂದ ದಿನವೇ ತಿಂದರೆ ಒಣಒಣ, ಪುಡಿಪುಡಿ. ಬೆಣ್ಣೆಕಾಗದದಲ್ಲಿ ಸುತ್ತಿ ಬಿಗಿ ಡಬ್ಬದಲ್ಲಿ ಮೂರು ನಾಲ್ಕು ದಿನ ಇಟ್ಟರೆ ಅಂಟಂಟಾಗಿ ಹದಕ್ಕೆ ಬರುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದಕ್ಕಿಂತ ಹೆಚ್ಚು ಇಡಬೇಡಿ, ಬೂಷ್ಟು ಹಿಡಿಯುತ್ತದೆ. ಮಡಿಕೇರಿಯ ಚಳಿಗಾಲದಲ್ಲಿ ವಾರವಾದರೂ ಕೆಡುವುದಿಲ್ಲ.